ಎತ್ತರದ ಕಾರು, ಆಗುಂಬೆಯ ಹಾದಿ

ಕಾರು ಕೊಳ್ಳಲು ಹೋದವರಿಗೆ ಅಂಗಡಿಯವರು ಹತ್ತು ಹದಿನೈದು ನಿಮಿಷದ ಸವಾರಿಯೊಂದನ್ನು ಮಾಡಿಸುತ್ತಾರೆ. ಅಂಗಡಿಯ ಮುಂದಿನ ನುಣುಪಾದ ರಸ್ತೆ, ಗಾಡಿಯಲ್ಲಿ ಇಬ್ಬರೋ ಮೂವರೋ ಜನ, ಒಳಗೆ ತಂಪುಗಾಳಿ, ಪಕ್ಕದಲ್ಲಿ ಮಾತು ಬಲ್ಲ ಒಬ್ಬ ತರುಣ. ಹಿಂದಿನ ಕಾಲದ ಹೆಣ್ಣು ನೋಡುವ ಶಾಸ್ತ್ರ ಹೇಗೋ ಇದೂ ಹಾಗೆಯೇ. ಉಪ್ಪಿಟ್ಟು ಕೇಸರಿಬಾತು ಚೆನ್ನಾಗಿತ್ತೆಂಬುದು ಖಚಿತವಾಗಿ ಗೊತ್ತಾಗುತ್ತದೆ. ಮಿಕ್ಕದ್ದೆಲ್ಲ ಮದುವೆಯಾದ ಮೇಲೆ. ಮನೆ ಕಟ್ಟುವುದು, ಮಕ್ಕಳ ಮದುವೆ, ಇವೆರಡನ್ನು ಬಿಟ್ಟರೆ ನಮ್ಮಂಥ ಸಂಸಾರಗಳು ಮಾಡುವ ಅತಿ ದೊಡ್ಡ ವೆಚ್ಚ ಇದು. ಅದನ್ನು ಕಾಲು ಗಂಟೆಯಲ್ಲಿ ತೀರ್ಮಾನಿಸುವುದು ಸಾಧ್ಯವೆ? ಈ ಪ್ರಶ್ನೆ ಈಚೆಗೆ ನಮ್ಮ ಮನೆಗೇ ಬಂದದ್ದರಿಂದ ಅದರ ಬಗ್ಗೆ ತಮ್ಮೊಡನೆ ಕೆಲವು ಮಾತು ಆಡಬೇಕೆನಿಸಿದೆ.

ಈಗ ಬೀದಿಯಲ್ಲಿ ಎಲ್ಲೆಲ್ಲೂ ಕಾಣುವ ಎತ್ತರದ ಕಾರಿಗೆ ಕ್ರಾಸ್‌ಓವರ್ ಎಂದು ಹೆಸರು. ಅಂಗಡಿಯಲ್ಲಿ ಈ ಹೆಸರನ್ನು ಹೇಳುವವರು ಕಡಿಮೆ. ಅವರ ಬಾಯಲ್ಲಿ ಎಲ್ಲವೂ ಎಸ್‌ಯುವಿ. ಆದರೆ ಎರಡಕ್ಕೂ ಒಳಗೆ ವ್ಯತ್ಯಾಸವಿದೆ. ಹಳೆಯ ಜೀಪು, ಆಮೇಲೆ ಬಂದ ಸುಮೋ, ಬೊಲೆರೊ, ಇವುಗಳ ತಳದಲ್ಲಿ ಏಣಿಯಂಥ ಉಕ್ಕಿನ ಚೌಕಟ್ಟು ಒಂದಿದೆ. ಮೇಲಿನ ಒಡಲನ್ನು ಬೇರೆಯಾಗಿ ಮಾಡಿ ಅದರ ಮೇಲೆ ಕೂರಿಸಿ ಬೋಲ್ಟು ಬಿಗಿಯುತ್ತಾರೆ. ಎತ್ತಿನ ಗಾಡಿಯ ಮೂಕಿ ಅಚ್ಚುಗಳು ಒಂದು, ಮೇಲೆ ಕಟ್ಟಿದ ಕಮಾನು ಇನ್ನೊಂದು ಎಂಬ ಹಾಗೆ. ಕಾರು ಹಾಗಲ್ಲ. ಅದರ ತಳ, ಗೋಡೆ, ಸೂರು ಎಲ್ಲವನ್ನೂ ಬೆಸೆದು ಒಂದೇ ಪೆಟ್ಟಿಗೆ ಮಾಡಿರುತ್ತಾರೆ. ಹಗುರ, ಅಲುಗಾಟ ಕಡಿಮೆ, ಪೆಟ್ರೋಲು ಉಳಿತಾಯ. ಈ ಪೆಟ್ಟಿಗೆಯನ್ನೇ ನಾಲ್ಕು ಬೆರಳು ಮೇಲೆತ್ತಿ, ಗಾಲಿಯನ್ನು ಕೊಂಚ ದೊಡ್ಡದು ಮಾಡಿ, ಮೂತಿಯನ್ನು ಗಡುಸಾಗಿಸಿದರೆ ಕ್ರಾಸ್‌ಓವರ್. ಜೀಪಿನ ವೇಷ ತೊಟ್ಟ ಕಾರು ಎಂದರೆ ತಪ್ಪಿಲ್ಲ. ಅಂದಹಾಗೆ, ನಮ್ಮ ಅಂಬಾಸಡರ್ ಕೂಡ ಚೌಕಟ್ಟಿಲ್ಲದ ಒಂದೇ ಒಡಲಿನ ಕಾರು. ೧೯೫೦ರ ದಶಕದ ಕೊನೆಯಲ್ಲಿ ಬಂದು ೨೦೧೪ರಲ್ಲಿ ತಯಾರಿಕೆ ನಿಂತ ಆ ಗಾಡಿಯಲ್ಲಿ ಪೇಟ ಕಟ್ಟಿಕೊಂಡವರೂ ನೆಟ್ಟಗೆ ಕೂರಬಹುದಾಗಿತ್ತು. ಎತ್ತರದ ಕಾರು ಈ ಕಾಲದ ಹೊಸ ಸೃಷ್ಟಿ ಎಂದು ಯಾರಾದರೂ ಹೇಳಿದಾಗ ನನಗೆ ಅದರ ನೆನಪಾಗುತ್ತದೆ.

ಹೊರದೇಶಗಳಲ್ಲಿ ಈ ಬಗೆಯ ಗಾಡಿಗೆ ದಾರಿ ಹಾಕಿದ್ದು ಅಮೆರಿಕದ ಎ.ಎಂ.ಸಿ. ಈಗಲ್, ೧೯೮೦ರ ಮಾದರಿ. ಅದನ್ನು ಮನೆಮಾತಾಗಿಸಿದ್ದು ೧೯೯೪ರಲ್ಲಿ ಬಂದ ಜಪಾನಿನ ಟೊಯೋಟಾ ರಾವ್-೪. ನಮ್ಮಲ್ಲಿ ೨೦೧೨ರಲ್ಲಿ ಡಸ್ಟರ್, ೨೦೧೩ರಲ್ಲಿ ಇಕೋಸ್ಪೋರ್ಟ್, ೨೦೧೫ರಲ್ಲಿ ಕ್ರೆಟಾ ಬಂದವು. ಅಲ್ಲಿಂದ ಮುಂದೆ ಲೆಕ್ಕವಿಡುವುದೇ ಕಷ್ಟ. ಇವುಗಳಲ್ಲಿ ಎಷ್ಟೋ ಗಾಡಿಗಳ ಹಿಂಭಾಗ ಬಾಲ ಕತ್ತರಿಸಿದ ಹಾಗೆ ಕಾಣುವುದನ್ನು ತಾವು ಗಮನಿಸಿರಬಹುದು. ಅದಕ್ಕೆ ಕಾರಣ ಸೌಂದರ್ಯವಲ್ಲ, ಸುಂಕ. ಉದ್ದ ನಾಲ್ಕು ಮೀಟರು ಮೀರದ, ಪೆಟ್ರೋಲಾದರೆ ೧೨೦೦ ಸಿ.ಸಿ., ಡೀಸೆಲಾದರೆ ೧೫೦೦ ಸಿ.ಸಿ. ಮೀರದ ಕಾರುಗಳಿಗೆ ೨೦೦೬ರ ಕೇಂದ್ರ ಆಯವ್ಯಯ ಸುಂಕ ಇಳಿಸಿತು. ೨೦೨೫ರ ಸೆಪ್ಟೆಂಬರ್ ೨೨ರಂದು ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಇದೇ ಗೆರೆ ಉಳಿಯಿತು: ಗೆರೆಯ ಒಳಗಿನ ಗಾಡಿಗೆ ನೂರಕ್ಕೆ ೧೮, ಹೊರಗಿನದಕ್ಕೆ ೪೦. ಮೂತಿಯನ್ನು ಮೊಟಕು ಮಾಡಲು ಎಂಜಿನ್ನು ಬಿಡುವುದಿಲ್ಲ. ಹಾಗಾಗಿ ಕತ್ತರಿ ಬೀಳುವುದು ಹಿಂದಿನ ಡಿಕ್ಕಿಗೆ.

ಇನ್ನು ನಮ್ಮ ಮನೆಯ ವಿಷಯ. ನನ್ನ ಅಣ್ಣ ಶಿವಮೊಗ್ಗದಲ್ಲಿ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ಅಮ್ಮ ಅವನ ಜೊತೆಯಲ್ಲಿದ್ದಾಳೆ. ಎಪ್ಪತ್ತೆಂಟು ವರ್ಷ, ಎರಡೂ ಮೊಣಕಾಲು ಸೋತಿವೆ. ಚಿಕಿತ್ಸೆಗೆಂದು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ತೀರ್ಥಹಳ್ಳಿ, ಆಗುಂಬೆಯ ಮೇಲೆ ಸುಮಾರು ೧೫೦ ಕಿಲೋಮೀಟರು. ಹೋಗಿ ಬರುವುದು ಒಂದೇ ದಿನದಲ್ಲಿ. ಮನೆಯ ಹಳೆಯ ಚಿಕ್ಕ ಕಾರಿನ ಆಸನ ಎಷ್ಟು ತಗ್ಗೆಂದರೆ, ಅದರಲ್ಲಿ ಕೂರಲು ಅಮ್ಮ ಮಣೆಯ ಮೇಲೆ ಕೂತಂತೆ ಕೂರಬೇಕು, ಏಳುವಾಗ ಇಬ್ಬರು ಹಿಡಿದೆತ್ತಬೇಕು. ಅಣ್ಣ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಎತ್ತರದ ಕಾರಿಗೆಂದು ಎತ್ತಿಟ್ಟ. ಆ ಹಣ ಮತ್ತೆ ಬರುವಂಥದ್ದಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಅಣ್ಣನಿಗೂ ಅರವತ್ತಮೂರು. ಘಟ್ಟದ ರಸ್ತೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ತಿಂಗಳು ತಿಂಗಳೂ ಅವನೊಬ್ಬನೇ ಓಡಿಸಬಲ್ಲನೆ? ಇದಕ್ಕೆ ಅಂಗಡಿಯ ಮುಂದಿನ ರಸ್ತೆಯಲ್ಲಿ ಉತ್ತರವಿಲ್ಲ. ಆಗುಂಬೆಯ ತಿರುವಿನಲ್ಲಿದೆ.

ಆದ್ದರಿಂದ, ಕೊಳ್ಳಬೇಕೆಂದಿದ್ದ ಮಾದರಿಯ ಗಾಡಿಯನ್ನೇ ಎರಡು ದಿನಕ್ಕೆ ಬಾಡಿಗೆಗೆ ತಂದೆವು. ಸ್ವಂತ ಚಾಲನೆಗೆಂದು ಬಾಡಿಗೆ ಕೊಡುವ ಗಾಡಿಗಳ ಫಲಕ ಕಪ್ಪಗಿದ್ದು ಅಕ್ಷರ ಹಳದಿಯಾಗಿರುತ್ತದೆ. ಬಿಳಿ ಫಲಕದ ಮನೆಗಾಡಿಯನ್ನು ಕಡಿಮೆ ದರಕ್ಕೆ ಕೊಡುತ್ತೇವೆಂದು ಯಾರಾದರೂ ಕರೆದರೆ ಒಲ್ಲೆನೆನ್ನಿ. ಅಪಘಾತವೇನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಎರಡು ದಿನದ ಬಾಡಿಗೆ ಗಾಡಿಯ ಬೆಲೆಯ ಮುಂದೆ ಅರಿಸಿನ ಕುಂಕುಮದ ಖರ್ಚು.

ಮೊದಲ ಪರೀಕ್ಷೆ ಗಾಡಿ ನಿಂತಿರುವಾಗಲೇ. ಆಸನ ಅಮ್ಮನ ಸೊಂಟದ ಮಟ್ಟಕ್ಕಿತ್ತು. ಹತ್ತಬೇಕಾಗಿಲ್ಲ, ಇಳಿಯಬೇಕಾಗಿಲ್ಲ; ಬೆನ್ನು ತಿರುಗಿಸಿ ಕೂತು ಕಾಲು ಎಳೆದುಕೊಂಡರೆ ಆಯಿತು. "ಜಗಲಿಕಟ್ಟೆ ಮೇಲೆ ಕೂತ ಹಾಗಿದೆ ಕಣೋ" ಎಂದಳು. ಇಂಥ ಕಾರಿನ ಸದ್ಗುಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಜಾಹೀರಾತೂ ಹೇಳಿರಲಾರದು. ಕಾರು ಮಣೆ, ಜೀಪು ಅಟ್ಟ, ಇದು ಜಗಲಿ. ಆದರೆ ಇಳಿಯುವಾಗ ಸೀರೆಯ ಅಂಚಿಗೆ ಕೆಸರು ಮೆತ್ತಿತ್ತು. ಬಾಗಿಲ ಕೆಳಗಿನ ಹೊಸ್ತಿಲು ಅಗಲವಾಗಿದ್ದು, ಬಾಗಿಲು ಅದನ್ನು ಪೂರಾ ಮುಚ್ಚುವುದಿಲ್ಲ. ಗಾಲಿ ಎರಚಿದ ಕೆಸರೆಲ್ಲ ಅಲ್ಲಿ ಕೂರುತ್ತದೆ. ಕೆಲವು ಮಾದರಿಗಳಲ್ಲಿ ಬಾಗಿಲು ಹೊಸ್ತಿಲಿನ ಕೆಳಗಿನವರೆಗೂ ಇಳಿದು ಅದನ್ನು ಮರೆಮಾಡುತ್ತದೆ. ಸೀರೆ ಪಂಚೆ ಉಡುವವರು ಮನೆಯಲ್ಲಿದ್ದರೆ ಇದನ್ನು ಬಗ್ಗಿ ನೋಡಿಕೊಳ್ಳಿ. ಅಮ್ಮನ ನಾಲ್ಕು ಕಾಲಿನ ಊರುಗೋಲನ್ನೂ ಡಿಕ್ಕಿಯಲ್ಲಿ ಇಟ್ಟು ನೋಡಿದೆವು. ಅಡ್ಡಲಾಗಿ ಹಿಡಿಸಲಿಲ್ಲ, ಓರೆಯಾಗಿಟ್ಟರೆ ಒಂದು ಪೆಟ್ಟಿಗೆಯ ಜಾಗ ಹೋಯಿತು. ಲೀಟರಿನಲ್ಲಿ ಡಿಕ್ಕಿಯ ಅಳತೆ ಹೇಳುತ್ತಾರಲ್ಲ, ಊರುಗೋಲು ನೀರಿನಂತೆ ಸುರಿಯುವ ವಸ್ತುವಲ್ಲ.

ಎಲ್ಲರೂ ಕೂರುವ ಮೊದಲು ಮತ್ತು ಕೂತ ಮೇಲೆ ಹಿಂದಿನ ಗಾಲಿಯ ಕಮಾನಿನವರೆಗೆ ಟೇಪು ಹಿಡಿದು ಅಳೆದೆ. ಐದು ಜನ, ಸಾಮಾನು ಸೇರಿ ಸುಮಾರು ನಾಲ್ಕು ಸೆಂಟಿಮೀಟರು ತಗ್ಗಿತ್ತು. ಕರಪತ್ರದಲ್ಲಿ ಬರೆಯುವ ನೆಲದಂತರ ಬಹುಮಟ್ಟಿಗೆ ಬರಿಗಾಡಿಯದು ಎಂಬುದನ್ನು ನೆನಪಿಡಬೇಕು. ರಸ್ತೆಯ ಉಬ್ಬು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ, ದುಂಡಗೆ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕಟ್ಟಳೆ. ಊರವರು ರಾತ್ರೋರಾತ್ರಿ ಹಾಕಿಸಿದ ಉಬ್ಬುಗಳಿಗೆ ಈ ಕಟ್ಟಳೆ ತಿಳಿದಿಲ್ಲ. ಅಂಥವನ್ನೂ ನಮ್ಮ ಗಾಡಿ ಹೊಟ್ಟೆ ತಾಗಿಸದೆ ದಾಟಿತು. ಹಳೆಯ ಕಾರಿನಲ್ಲಿ ಪ್ರತಿ ಉಬ್ಬಿಗೂ ಅತ್ತಿಗೆ ಇಳಿದು ನಡೆಯುವುದಿತ್ತು, ಅದು ತಪ್ಪಿತು.

ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳು, ಇವೆಲ್ಲ ತುಂಗೆಯ ದಂಡೆಯ ಸೊಗಸಾದ ಹಾದಿ. ಆದರೆ ಗಾಡಿಯ ಪರೀಕ್ಷೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಒಂದು ಸಂಗತಿ ಮಾತ್ರ ಕಂಡಿತು. ಹಿಂದಿನ ಆಸನದಲ್ಲಿ ಕೂತಿದ್ದ ಅಮ್ಮ ತೀರ್ಥಹಳ್ಳಿಗೆ ಮುಂಚೆಯೇ ತಲೆ ಸುತ್ತುತ್ತದೆ ಎಂದಳು. ಈ ಗಾಡಿಗಳ ಕಿಟಕಿಯ ಕೆಳ ಅಂಚು ಹಿಂದೆ ಹೋದ ಹಾಗೆ ಮೇಲೇರುತ್ತದೆ. ನೋಡಲು ಓಟದ ಚಂದ. ಒಳಗೆ ಕೂತ ಗಿಡ್ಡ ಆಳಿಗೆ, ಮಕ್ಕಳಿಗೆ ಹೊರಗಿನ ನೆಲವೇ ಕಾಣುವುದಿಲ್ಲ. ಎತ್ತರದ ಒಡಲು ತಿರುವಿನಲ್ಲಿ ತೊನೆಯುವುದನ್ನು ಮೈ ಅರಿಯುತ್ತದೆ, ಕಣ್ಣು ಅರಿಯದು, ಅಲ್ಲಿಂದ ಓಕರಿಕೆ. ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು ಅಮ್ಮನನ್ನು ಮುಂದಕ್ಕೆ ಕೂರಿಸಿ ಪಟ್ಟಿ ಬಿಗಿದೆವು. ಆಮೇಲೆ ಆ ಮಾತು ಬರಲಿಲ್ಲ. ಗಾಡಿ ನೋಡಲು ಹೋದಾಗ ಓಡಿಸುವವರಷ್ಟೇ ಅಲ್ಲ, ಹಿಂದೆ ಕೂರುವವರೂ ಅರ್ಧ ಗಂಟೆ ಕೂತು ನೋಡಬೇಕಾದದ್ದು ಇದಕ್ಕೆ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು ೬೪೦ ಮೀಟರು ಎತ್ತರ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳು. ಭಾರಿ ಲಾರಿಗಳಿಗೆ ಇಲ್ಲಿ ಅವಕಾಶವಿಲ್ಲ. ರಸ್ತೆ ಎಷ್ಟು ಇಕ್ಕಟ್ಟೆಂಬುದಕ್ಕೆ ಅದೇ ಸಾಕ್ಷಿ. ಹಿಂದಿನ ರಾತ್ರಿ ಬಿದ್ದ ಮಳೆಗೆ ರಸ್ತೆ ಒದ್ದೆಯಾಗಿತ್ತು. ಅಣ್ಣನೇ ಚಕ್ರ ಹಿಡಿದ; ಪರೀಕ್ಷೆ ಗಾಡಿಯದೊಂದೇ ಆಗಿರಲಿಲ್ಲವಷ್ಟೆ.

ಇಳಿಜಾರಿನಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಸೇರಿ ಗಾಡಿಯ ತೂಕ ೧೫೦೦ ಕಿಲೋಗ್ರಾಂ ಎಂದುಕೊಳ್ಳಿ. ಅದು ೧೦೦ ಮೀಟರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ನಾಲ್ಕೂವರೆ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಘಟ್ಟ ಇಳಿದು ಮುಗಿಸುವ ಹೊತ್ತಿಗೆ ಒಂದು ಬಚ್ಚಲ ಹಂಡೆಯ ನೀರು ಕಾಯಿಸಬಹುದು. ಗಾಳಿಯ, ಗಾಲಿಯ ತಡೆಗೆ ಒಂದು ಪಾಲು ಹೋಗುತ್ತದೆ. ಮಿಕ್ಕದ್ದು ಎಂಜಿನ್ನಿಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ ಹೋಗಬೇಕು. ಎಲ್ಲವನ್ನೂ ಬ್ರೇಕಿಗೇ ಹೊರಿಸಿದರೆ ಅದು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಒತ್ತಿದರೂ ಹಿಡಿಯದ ಸ್ಥಿತಿ ಬರುತ್ತದೆ. ಗೇರನ್ನು ಕೆಳಗಿಳಿಸಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವುದು ಹಳೆಯ ಬಸ್ಸು ಚಾಲಕರಿಗೆಲ್ಲ ತಿಳಿದ ವಿದ್ಯೆ. ನಮ್ಮದು ತಾನೇ ಗೇರು ಬದಲಿಸಿಕೊಳ್ಳುವ ಗಾಡಿ. ಅದರ ಪಾಡಿಗೆ ಬಿಟ್ಟರೆ ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹಾರಿ ಜಾರುಬಂಡೆಯಂತೆ ಓಡತೊಡಗುತ್ತಿತ್ತು. ಹಿಡಿಯನ್ನು ಪಕ್ಕಕ್ಕೆ ತಳ್ಳಿ ಕೈಯಿಂದ ಎರಡನೆಯ ಗೇರಿನಲ್ಲಿ ನಿಲ್ಲಿಸಿದ ಮೇಲೆ ಸಮಾಧಾನ. ಹೀಗೆ ಕೈಯಿಂದ ನಿಲ್ಲಿಸುವ ಅನುಕೂಲ ತಾವು ನೋಡುವ ಗಾಡಿಯಲ್ಲಿದೆಯೇ ಎಂದು ಕೇಳಿ. ಘಟ್ಟದ ಕಡೆಯವರಿಗೆ ಸೂರಿನ ಗಾಜಿನ ಕಿಟಕಿಗಿಂತ ಇದು ಹತ್ತು ಪಾಲು ಮೇಲು.

ಮೂರನೆಯ ತಿರುವಿನಲ್ಲಿ ಅಣ್ಣ ಗಾಡಿಯನ್ನು ಪೂರಾ ನಿಲ್ಲಿಸಿಬಿಟ್ಟ. "ಆ ಕಡೆಯಿಂದ ಸ್ಕೂಟರು ಬಂತಲ್ಲ, ಅದು ನನಗೆ ಕಾಣಲೇ ಇಲ್ಲ ಕಣೋ" ಎಂದ. ಮುಂದಿನ ಗಾಜಿನ ಎರಡೂ ಪಕ್ಕ ಸೂರನ್ನು ಹೊತ್ತ ಕಂಬಗಳಿವೆಯಷ್ಟೆ. ಅಪಘಾತದಲ್ಲಿ ಸೂರು ಕುಸಿಯದಿರಲೆಂದೂ, ಗಾಳಿಚೀಲಗಳಿಗೆ ಎಡೆಯಾಗಲೆಂದೂ ಈಗ ಅವನ್ನು ದಪ್ಪ ಮಾಡಿದ್ದಾರೆ. ಬಲಕ್ಕೆ ತಿರುಗುವಾಗ ಆ ಕಂಬದ ಮರೆಯಲ್ಲಿ ಒಂದು ಸ್ಕೂಟರು ಸಲೀಸಾಗಿ ಅಡಗುತ್ತದೆ. ಅಣ್ಣ ಗಿಡ್ಡ ಆಳು. ಎತ್ತರದ ಬಾನೆಟ್ಟಿನಾಚೆ ರಸ್ತೆಯ ಹೊರ ಅಂಚೂ ಅವನಿಗೆ ಕಾಣುತ್ತಿರಲಿಲ್ಲ. ಎತ್ತರದಲ್ಲಿ ಕೂತವನಿಗೆ ಎಲ್ಲವೂ ಕಾಣುತ್ತದೆಂಬ ಮಾತು ದೂರದ್ದಕ್ಕೆ ನಿಜ, ಹತ್ತಿರದ್ದಕ್ಕೆ ಅಲ್ಲ. ಬಾನೆಟ್ಟಿನ ತುದಿ ೪೦ ಅಂಗುಲ ಮೀರಿದ ಗಾಡಿಗಳು ನಡೆದು ಹೋಗುವವರಿಗೆ ಬಡಿದಾಗ ಸಾವಿನ ಸಂಭವ ಸುಮಾರು ನೂರಕ್ಕೆ ೪೫ರಷ್ಟು ಹೆಚ್ಚೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯೊಂದು ೨೦೨೩ರಲ್ಲಿ ಕಂಡುಕೊಂಡಿತು. ನಮ್ಮ ಚಿಕ್ಕ ಕ್ರಾಸ್‌ಓವರ್‌ಗಳು ಅಮೆರಿಕದ ದೈತ್ಯರಷ್ಟು ಎತ್ತರವಲ್ಲ. ಆದರೂ ಮನೆಯ ಅಂಗಳದಿಂದ ಗಾಡಿ ತೆಗೆಯುವಾಗ ಮುಂದೆ ಮಗು ಇದೆಯೇ ಎಂದು ಇಳಿದು ನೋಡುವ ಅಭ್ಯಾಸ ಒಳ್ಳೆಯದು.

ಅಲ್ಲಿಯೇ ಪಕ್ಕಕ್ಕೆ ನಿಂತು ಅಣ್ಣನ ಆಸನವನ್ನು ಪೂರಾ ಮೇಲೆತ್ತಿ ಸ್ವಲ್ಪ ಮುಂದಕ್ಕೆ ಎಳೆದೆವು. ತಿರುವಿಗೆ ಮುನ್ನ ತಲೆಯನ್ನು ಹಿಂದು ಮುಂದು ಆಡಿಸಿ ಕಂಬದ ಎರಡೂ ಪಕ್ಕ ನೋಡುವುದನ್ನು ಅವನು ರೂಢಿಸಿಕೊಂಡ. ಹತ್ತನೆಯ ತಿರುವಿನ ಹೊತ್ತಿಗೆ ಅವನ ಭುಜ ಸಡಿಲವಾಗಿತ್ತು. ಅಮ್ಮ ಮಾತ್ರ ಸೋಮೇಶ್ವರದವರೆಗೂ ಬಾಗಿಲ ಹಿಡಿಯನ್ನು ಬಿಡಲಿಲ್ಲ.

ಹೆಬ್ರಿಯಿಂದ ಕೆಳಗೆ ವಿಶೇಷವಿಲ್ಲ. ಮರುದಿನ ಮಲ್ಪೆಗೆ ಹೋದಾಗ ಗಾಡಿಯನ್ನು ಮರಳಿಗೆ ಇಳಿಸೋಣವೆಂದು ಅಣ್ಣನ ಮೊಮ್ಮಗ ಹಟ ಹಿಡಿದ. ಜಾಹೀರಾತಿನ ಚಿತ್ರ ನೋಡಿ ಬೆಳೆದವನು. ಈ ಗಾಡಿಗಳಲ್ಲಿ ಬಹುಪಾಲಿಗೆ ಎಂಜಿನ್ನಿನ ಬಲ ಸಲ್ಲುವುದು ಮುಂದಿನ ಎರಡೇ ಗಾಲಿಗೆ. ಮರಳಿನಲ್ಲಿ ಅವು ಸುತ್ತಿ ಸುತ್ತಿ ಹೊಂಡ ತೋಡಿಕೊಂಡು ಕೂರುತ್ತವೆ. ರಸ್ತೆಯ ಪಕ್ಕ ನಿಲ್ಲಿಸಿ ನಡೆದುಹೋದೆವು.

ಇದೇ ಮಾತು ಘಟ್ಟ ಹತ್ತುವಾಗ ಇನ್ನೊಂದು ರೂಪದಲ್ಲಿ ಬಂತು. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿ ಹಗುರಾಗುತ್ತದೆ. ಬೆಟ್ಟದ ರಸ್ತೆಯಲ್ಲಿ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕೆಂಬುದು ಕಾನೂನು. ಆದರೆ ಒಂದು ತಿರುವಿನಲ್ಲಿ ಇಳಿಯುತ್ತಿದ್ದ ಮಿನಿಬಸ್ಸು ಬಿಡಲಿಲ್ಲ, ನಾವು ನಿಂತೆವು. ಮತ್ತೆ ಹೊರಡುವಾಗ ಒದ್ದೆ ಎಲೆಗಳ ಮೇಲೆ ಮುಂದಿನ ಗಾಲಿ ಒಂದು ಕ್ಷಣ ಕಿರುಗುಟ್ಟಿ ಜಾರಿ, ಆಮೇಲೆ ಹಿಡಿಯಿತು. ಬ್ರೇಕಿನಿಂದ ಕಾಲು ತೆಗೆದ ಮೇಲೂ ಗಾಡಿಯನ್ನು ಎರಡು ಮೂರು ಸೆಕೆಂಡು ಹಿಡಿದಿಡುವ ಏರ್ಪಾಟು ಅದರಲ್ಲಿತ್ತು. ಇಲ್ಲದಿದ್ದರೆ ಹಿಂದಕ್ಕೆ ಸರಿಯುತ್ತಿದ್ದೆವು. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿಗೆ ಗಾಳಿಯೂಡುವ ಟರ್ಬೊ ಜೋಡಿಸಿದ ಗಾಡಿ ಅದು. ನಿಧಾನದಲ್ಲಿ ಆ ಟರ್ಬೊ ನಿದ್ರಿಸುತ್ತದೆ; ತಿರುವಿನ ನಡುವೆ ಕಾಲು ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗು. ಬಯಲಿನ ಹೆದ್ದಾರಿಯಲ್ಲಿ ಈ ಗುಣ ತಿಳಿಯುವುದೇ ಇಲ್ಲ.

ಎತ್ತರದ ಗಾಡಿ ಪಲ್ಟಿಯಾಗುವ ಭಯದ ಬಗ್ಗೆಯೂ ಎರಡು ಮಾತು. ೧೯೯೭ರಲ್ಲಿ ಸ್ವೀಡನ್ನಿನಲ್ಲಿ, ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಹೊಸದೊಂದು ಎತ್ತರದ ಪುಟ್ಟ ಕಾರನ್ನು ಸರಕ್ಕನೆ ಅತ್ತಿತ್ತ ಹೊರಳಿಸಿ ಪರೀಕ್ಷಿಸಿದಾಗ ಅದು ಮಗುಚಿಬಿತ್ತು. ಆಮೇಲೆ ಆ ಕಾರಿಗೆಲ್ಲ ಸ್ಥಿರತೆಯ ನಿಯಂತ್ರಣವನ್ನು ಅಳವಡಿಸಿದರು. ಗಾಡಿ ಚಾಲಕ ತಿರುಗಿಸಿದ ಕಡೆಗೆ ಹೋಗದೆ ಜಾರತೊಡಗಿದ್ದನ್ನು ಅರಿತು, ಬೇಕಾದ ಒಂದೇ ಗಾಲಿಗೆ ತಾನೇ ಬ್ರೇಕು ಹಾಕುವ ಏರ್ಪಾಟು ಅದು. ಎತ್ತರದ ಕಾರು ಕೊಳ್ಳುವವರು ಇದಿಲ್ಲದ ಮಾದರಿಯನ್ನು ಮುಟ್ಟಬಾರದೆಂದು ನನ್ನ ಖಚಿತ ಅಭಿಪ್ರಾಯ.

ಇನ್ನು ಐದನೆಯ ಗಾಲಿ. ಗಾಳಿಯ ಒತ್ತಡ ತಿಳಿಸುವ ಉಪಕರಣ, ತೂತು ಮುಚ್ಚುವ ಸಾಮಗ್ರಿ ಇದ್ದರೆ ಹೆಚ್ಚುವರಿ ಗಾಲಿ ಕೊಡಬೇಕಾಗಿಲ್ಲವೆಂದು ೨೦೨೦ರಲ್ಲಿ ನಿಯಮ ತಿದ್ದಿದರು. ಕೆಲವರು ತೆಳ್ಳನೆಯ ಚಿಕ್ಕ ಗಾಲಿಯೊಂದನ್ನು ಕೊಡುತ್ತಾರೆ. ಗಂಟೆಗೆ ೮೦ ಕಿಲೋಮೀಟರಿಗಿಂತ ವೇಗ ಬೇಡವೆಂದು ಅದರ ಮೇಲೇ ಬರೆದಿರುತ್ತದೆ. ಮೊಳೆ ಚುಚ್ಚಿದ ತೂತನ್ನು ಅಂಟಿನಿಂದ ಮುಚ್ಚಬಹುದು. ಆದರೆ ಘಟ್ಟದ ಕಲ್ಲಿಗೆ ಟೈರಿನ ಪಕ್ಕೆ ಸೀಳಿದರೆ ಅಂಟು ಏನು ಮಾಡೀತು? ಅದೂ ಮೊಬೈಲಿಗೆ ಸಿಗ್ನಲ್ಲು ಸಿಗದ ಕಡೆ, ಮೊಣಕಾಲು ನೋವಿನ ಮುದುಕಿಯನ್ನು ಜೊತೆಗಿಟ್ಟುಕೊಂಡು.

ತೀರ್ಥಹಳ್ಳಿಯಿಂದ ಈಚೆಗೆ ಬೇಕೆಂದೇ ಕತ್ತಲಲ್ಲಿ ಬಂದೆವು. ದೀಪದ ಬೆಳಕು ನಮಗೆ ಧಾರಾಳವಾಗಿತ್ತು. ಎದುರಿನವರಿಗೂ ಧಾರಾಳವಾಗಿತ್ತೆಂದು ಅವರು ದೀಪ ಮಿಟುಕಿಸಿ ತಿಳಿಸಿದರು. ಹಿಂದೆ ಭಾರ ಕೂತಾಗ ಮೂತಿ ಮೇಲೇಳುತ್ತದೆ. ಬೆಳಕನ್ನು ತಗ್ಗಿಸುವ ಸಣ್ಣ ತಿರುಗಣೆ ಚಕ್ರದ ಬಳಿ ಇರುತ್ತದೆ. ತಗ್ಗಿಸಿದ ಮೇಲೆ ಬೈಗುಳ ನಿಂತಿತು. ಆದರೆ ಎದುರಿನ ಬೆಳಕಿಗೆ ತನ್ನ ಕಣ್ಣು ಸೋಲುತ್ತದೆಂದು ಅಣ್ಣ ಹೇಳಿದ. ಅಮ್ಮನ ಮಣಿಪಾಲದ ಪ್ರಯಾಣವೆಲ್ಲ ಹಗಲಿನಲ್ಲಿಯೇ ಎಂದು ಅಂದೇ ತೀರ್ಮಾನವಾಯಿತು. ತಡವಾದರೆ ಉಡುಪಿಯಲ್ಲಿ ರಾತ್ರಿ ತಂಗುವುದು.

ಪೆಟ್ರೋಲಿನ ಲೆಕ್ಕಕ್ಕೆ ಗಾಡಿಯ ಪರದೆಯನ್ನು ನಂಬಲಿಲ್ಲ. ಹೊರಡುವ ಮುಂಚೆ ಶಿವಮೊಗ್ಗದ ಬಂಕಿನಲ್ಲಿ ಕೊಳವೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಬಂದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿದೆವು. ಓಡಿದ್ದು ೩೦೪ ಕಿಲೋಮೀಟರು, ಹಿಡಿದದ್ದು ೨೧ ಲೀಟರು, ಲೀಟರಿಗೆ ಹದಿನಾಲ್ಕೂವರೆ. ಪರದೆ ಹದಿನಾರು ಎನ್ನುತ್ತಿತ್ತು, ಕರಪತ್ರ ಹದಿನೆಂಟರ ಮೇಲೆ. ಪ್ರಯೋಗಶಾಲೆಯ ಉರುಳೆಗಳ ಮೇಲೆ ಅಳೆದ ಸಂಖ್ಯೆಗೆ ಆಗುಂಬೆ ಗೊತ್ತಿಲ್ಲ. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಇದೆ. ಲೀಟರಿಗೆ ಲೀಟರು ಹೋಲಿಸಿದರೆ ಅದರ ಕಾವು ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ.

ಅಣ್ಣ ಕೊನೆಗೆ ಅದೇ ಜಾತಿಯ ಗಾಡಿಗೇ ಮುಂಗಡ ಕೊಟ್ಟಿದ್ದಾನೆ. ಆದರೆ ಮೊದಲು ಮೆಚ್ಚಿದ್ದ ಮೇಲ್ದರ್ಜೆಯದನ್ನಲ್ಲ. ಸೂರಿನ ಗಾಜು, ದೊಡ್ಡ ಪರದೆ, ಹೊಳೆಯುವ ದೊಡ್ಡ ಗಾಲಿ ಇವನ್ನು ಬಿಟ್ಟು, ಸ್ಥಿರತೆಯ ನಿಯಂತ್ರಣ ಮತ್ತು ಪೂರಾ ಅಳತೆಯ ಐದನೆಯ ಗಾಲಿ ಇರುವ ಕೆಳದರ್ಜೆಯದು. ಗಾಡಿಯನ್ನು ಒಮ್ಮೆ ಮನೆಯ ಬಾಗಿಲಿಗೇ ತರಬೇಕೆಂದು ಅಂಗಡಿಯವರಿಗೆ ಹೇಳಿದ್ದ. ತಂದರು. ಅಮ್ಮ ಮೂರು ಸಲ ಹತ್ತಿ ಇಳಿದು, ಹೊಸ್ತಿಲನ್ನು ಸೆರಗಿನಿಂದ ಒರೆಸಿ ನೋಡಿ, ಮುಂದಿನ ಆಸನದಲ್ಲಿ ಕೂತುಕೊಂಡು, "ಯಾವತ್ತು ಬರತ್ತಂತೆ?" ಎಂದು ಕೇಳಿದಳು. ಸಂಕ್ರಾಂತಿಯ ಹೊತ್ತಿಗೆ ಎಂದಿದ್ದಾರೆ.